ನೀರು ತೋರಿಸಿದ ನಾಣ್ಯ

ಮರಳವಾಡಿ
9 ಸೆಪ್ಟೆಂಬರ್ 2007

ಅಕ್ಕನಿಗೆ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೇ ರೇಗುತ್ತೀಯ, ನಾನು ಮೂರನೆಯದಕ್ಕೆ ಕಟ್ ಮಾಡುತ್ತೇನೆ. ಕಾಗದವಾದರೆ ಬೈಯುವುದಕ್ಕೂ ಒಂದು ವಾರ ಕಾಯಬೇಕು. ಅಷ್ಟರಲ್ಲಿ ಇಬ್ಬರ ಸಿಟ್ಟೂ ಆರಿರುತ್ತದೆ.

ರಾಮನಗರ ಜಿಲ್ಲೆಯಾದದ್ದನ್ನು ನೀನು ಪೇಪರಿನಲ್ಲಿ ಓದಿರಬೇಕು. ಹಾರೋಹಳ್ಳಿಯಲ್ಲಿ ನಮ್ಮ ಫ್ಯಾಕ್ಟರಿ ಗೇಟಿನಲ್ಲೂ ಲಾಡು ಹಂಚಿದರು. ತಿಪ್ಪಸಂದ್ರದಾಚೆಯ ನಮ್ಮೂರಿನ ಹೈಸ್ಕೂಲಿಗೆ ಈ ವರ್ಷ ಐವತ್ತು ತುಂಬುತ್ತದಂತೆ. ಹೊಸ ಜಿಲ್ಲೆ, ಸುವರ್ಣ ಮಹೋತ್ಸವ ಎರಡನ್ನೂ ಸೇರಿಸಿ ನವೆಂಬರಿನಲ್ಲಿ ದೊಡ್ಡ ಸಮಾರಂಭ, ವಸ್ತುಪ್ರದರ್ಶನ. ಸಮಿತಿಯ ಅಧ್ಯಕ್ಷರು ಮನೋಹರ್, ಅಂಗಡಿ ಕೆಂಪಯ್ಯನವರ ಮೊಮ್ಮಗ. ಹೋದ ತಿಂಗಳ ಕೊನೆಯ ಭಾನುವಾರ ಅವರೇ ಕಾರಿನಲ್ಲಿ ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದರು. ಅಪ್ಪ ಕೂಡಿಟ್ಟ ಸ್ಮಾರಕ ನಾಣ್ಯಗಳನ್ನು ಪ್ರದರ್ಶನಕ್ಕೆ ಇಡಬೇಕಂತೆ. ಫ್ಯಾಕ್ಟರಿಗೆ ಕೆಲಸದವರನ್ನು ಒದಗಿಸುವ ಕಂಟ್ರಾಕ್ಟೂ ಅವರದೇ. ಅದು ಬೇರೆ ವಿಷಯ ಬಿಡು.

ಅಪ್ಪ ಆವತ್ತು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರನೇ ವಾರ ಮನೋಹರ್ ಮತ್ತೆ ಬಂದಾಗ ಹೇಳಿದ:

"ಕೊಡ್ತೀನಿ. ಆದ್ರೆ ಒಂದು ಮಾತು. ನನ್ನ ಕಾಸ್ನ ಯಾರೂ ತೊಳೀಕೂಡ್ದು."

ಮನೋಹರ್ ನಕ್ಕುಬಿಟ್ಟರು. "ಅವೇನು ತಪ್ಪಲೆನಾ ಯಜಮಾನ್ರೆ, ತೊಳ್ಯಾಕೆ? ಆಗ್ಲಿ ಬುಡಿ, ನಿಮ್ಮಿಷ್ಟ."

ಅಪ್ಪ ನಗಲಿಲ್ಲ. ನನಗೂ ಸ್ವಲ್ಪ ಮುಜುಗರವಾಯಿತು. ಮನೆಗೆ ಬಂದವರ ಮುಂದೆ ಹೀಗೆ ಕಟ್ಟಳೆ ಹಾಕುವುದು ಏಕೆ? ನಾಣ್ಯಗಳನ್ನು ಹೇಗೆ ಜೋಡಿಸಬೇಕು, ಹೇಗೆ ಸಾಗಿಸಬೇಕು, ನಿನಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ನೀನೇ ಅಲ್ಲವೇ ಅವನ ಶಿಷ್ಯೆ! ಬರೆದು ಕಳಿಸು. ಆಗುವುದಾದರೆ ನೀನೇ ಬಾ.

ಮುನೇಶ

•

ರಾಯಚೂರು
21 ಸೆಪ್ಟೆಂಬರ್ 2007

ಮುನೇಶ,

ನಿನ್ನ ಕಾಗದ ಓದಿ ಮಾಗಡಿಯ ಭಾನುವಾರಗಳು ನೆನಪಾದವು. ನೀನು ಗೋಲಿ ಆಡಲು ಓಡಿಹೋಗಿರುತ್ತಿದ್ದೆ. ಅಪ್ಪ ಬಾಗಿಲಿಗೆ ಅಗುಳಿ ಹಾಕಿ ಅವ್ವನ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದ. ನನಗೆ ಮೊದಲು ಕೈ ತೊಳೆದು ಒರೆಸಿಕೊಂಡು ಬರಲು ಹೇಳುತ್ತಿದ್ದ. ನಮ್ಮ ಕೈ ತೊಳೆಯಬಹುದು, ನಾಣ್ಯವನ್ನಲ್ಲ. "ಅಂಚು ಹಿಡಿಯವ್ವ, ಮುಖ ಮುಟ್ಬ್ಯಾಡ." ನಾಣ್ಯ ಜಾರಿದರೂ ಸೀರೆಯ ಮೇಲೆಯೇ ಬೀಳಬೇಕು, ಅದಕ್ಕೇ ಆ ಹಾಸು.

ಅವನು ಮಾಗಡಿಯ ಖಜಾನೆಯಲ್ಲಿ ಜವಾನನಾಗಿದ್ದವನು. ನಾಣ್ಯದ ಚೀಲ ಬಿಚ್ಚಿದಾಗ ಹೊಸ ಮುಖದ್ದು ಕಂಡರೆ ತನ್ನ ಸಂಬಳದಿಂದ ಅಷ್ಟೇ ಬೆಲೆಯದನ್ನು ಕೊಟ್ಟು ಅದನ್ನು ತೆಗೆದುಕೊಳ್ಳುತ್ತಿದ್ದ. ಮೊದಲನೆಯದು ಅರವತ್ತನಾಲ್ಕರ ನೆಹರೂ ರೂಪಾಯಿ. ಹತ್ತು ರೂಪಾಯಿಯ ಬೆಳ್ಳಿ ಗಾಂಧಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ್ದೀಯಾ? ಅಂಚಿನಲ್ಲಿ ನೀಲಿ, ಅದರೊಳಗೆ ನೇರಳೆ, ನಡುವೆ ಜೇನಿನ ಬಣ್ಣ. ಗಾಳಿ ನಿಧಾನವಾಗಿ ಬರೆದದ್ದು. ನಾನು ಒಂದು ಸಲ ಕೊಳೆಯೆಂದು ಸೆರಗಿನಲ್ಲಿ ಒರೆಸಲು ಹೋದಾಗ ಅಪ್ಪ ನನ್ನ ಕೈ ಹಿಡಿದಿದ್ದ. "ಕೊಳೆಯಲ್ಲ ಕಣವ್ವ. ಅದರ ವಯಸ್ಸು."

ನನ್ನ ಮೊದಲ ಸಂಬಳದಲ್ಲಿ ಅವನಿಗೊಂದು ಆಲ್ಬಮ್ ಕೊಡಿಸಿದ್ದೆ, ಮೆತ್ತನೆಯ ಪ್ಲಾಸ್ಟಿಕ್ ಹಾಳೆಗಳದ್ದು. ಎರಡು ಮಳೆಗಾಲಕ್ಕೆ ಪ್ಲಾಸ್ಟಿಕ್ ಬೆವರಿ ನಾಣ್ಯಗಳ ಮೇಲೆ ಹಸಿರು ಅಂಟು ಕೂತಿತು. ನನಗೆ ಬೇಜಾರಾಗುತ್ತದೆಂದು ಅಪ್ಪ ತಿಂಗಳುಗಟ್ಟಲೆ ಹೇಳಿರಲಿಲ್ಲ. ಆದ್ದರಿಂದ ಮೆತ್ತನೆಯ ಪ್ಲಾಸ್ಟಿಕ್ ಬೇಡ, ರಬ್ಬರ್ ಬ್ಯಾಂಡ್ ಬೇಡ, ಫೆವಿಕಾಲ್ ಬೇಡವೇ ಬೇಡ. ಈಗಿರುವ ರಟ್ಟಿನ ಚೌಕಗಳಲ್ಲೇ ಸಾಗಿಸಿ. ಚೌಕಟ್ಟು ಮಾಡಿಸುವುದಾದರೆ ಅದರ ಪಾಲಿಶ್ ವಾಸನೆ ಪೂರ್ತಿ ಹೋಗುವ ತನಕ ನಾಣ್ಯ ಇಡಬೇಡಿ. ಬೂಟಿನ ಡಬ್ಬದಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳು ಅಪ್ಪನ ಟ್ರಂಕಿನಲ್ಲಿರುತ್ತವೆ. ಅಂಗಡಿಯವರನ್ನು ಕಾಡಿ ಬೇಡಿ ತಂದವು. ಮೂಲೆಗೊಂದು ಇಡಿ.

ಅವನು ಯಾಕೆ ಒಪ್ಪಿದ, ಕೇಳಿದೆಯಾ? ಆ ಊರಿಗೆ ಸಾವಿಗಲ್ಲದೆ ಬೇರೆ ಯಾವುದಕ್ಕೂ ಹೋದವನಲ್ಲ. ತೊಳೆಯಬಾರದು ಅನ್ನುವುದಕ್ಕೆ ಅವನಿಗೆ ಅವನದೇ ಕಾರಣವಿದೆ. ಹೇಳಬೇಕೆನಿಸಿದಾಗ ಅವನೇ ಹೇಳುತ್ತಾನೆ. ನೀನು ಆ ಮಾತು ನಡೆಸಿಕೊಡು, ಉಳಿದದ್ದೆಲ್ಲ ಹೆಚ್ಚುಕಡಿಮೆಯಾದರೂ ನಡೆದೀತು.

ನನಗೆ ಬರಲಾಗುವುದಿಲ್ಲ. ಆಗ ಗುಲ್ಬರ್ಗದಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನವಿದೆ.

ಮಮತಾ

•

ಮರಳವಾಡಿ
29 ಅಕ್ಟೋಬರ್ 2007

ಅಕ್ಕ,

ಚೌಕಟ್ಟು ಬಂತು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ವಹಾಬ್ ಸಾಬರ ಹತ್ತಿರ ಅಪ್ಪನೇ ಕೂತು ಮಾಡಿಸಿದ. ಹಾಲೆ ಮರದ ಹಲಗೆ, ನಾಣ್ಯಕ್ಕೊಂದು ದುಂಡನೆಯ ಗುಳಿ, ಮೇಲೆ ಗಾಜು. ಇಬ್ಬರ ಜಗಳ ನೀನು ಕೇಳಬೇಕಿತ್ತು.

"ಬಣ್ಣ ಕೊಡ್ಲಾ ಹನುಮಯ್ಯ? ಗಿಲಕಿಗೆ ಕೊಡೋ ತರ ಕೆಂಪು, ಹಳದಿ?"

"ನನ್ನ ಕಾಸೇನು ಮಕ್ಳಾಡೋ ಗಿಲಕಿನಾ?"

"ಇಷ್ಟು ವರ್ಷದಿಂದ ನೀನು ಆಡ್ತಿರೋದು ಏನು ಮತ್ತೆ?"

ಕೊನೆಗೆ ಬರೀ ಮರದ ಬಣ್ಣಕ್ಕೆ ರಾಜಿಯಾಯಿತು. ಅಪ್ಪ ಆ ಹಲಗೆಯನ್ನು ದಿನಾ ಬಿಸಿಲಿಗಿಟ್ಟು ಮೂಸಿ ನೋಡುತ್ತಿದ್ದ. ಪಕ್ಕದ ಮನೆಯವರು, ಏನು ಹಪ್ಪಳವಾ ತಾತ, ಅಂದರು.

ಚೀಟಿಗಳನ್ನು ನನ್ನ ಮಗಳು ನವ್ಯ ಬರೆಯುತ್ತಿದ್ದಾಳೆ. ಅಪ್ಪ ಹೇಳುತ್ತಾನೆ, ಅವಳು ದುಂಡಗೆ ಬರೆಯುತ್ತಾಳೆ. ತಾವರೆಯ ಇಪ್ಪತ್ತು ಪೈಸೆ, ಎಲ್ಲರಿಗೂ ಆಹಾರ. ಏಷ್ಯನ್ ಕ್ರೀಡಾಕೂಟದ್ದು. ಬಾಬಾಸಾಹೇಬರ ನೂರನೇ ವರ್ಷದ ಒಂದು ರೂಪಾಯಿಗೆ ಚೀಟಿ ಬರೆಯುವಾಗ ಮೂರು ಕಾಗದ ಹರಿಸಿದ, ಅಕ್ಷರ ಸರಿಯಿಲ್ಲವೆಂದು. ಅದು ನಟ್ಟನಡುವಿನ ಗುಳಿಗೆ. ಖಜಾನೆಯಲ್ಲಿ ಆ ಚೀಲ ಬಿಚ್ಚಿದ ದಿನ ಅಪ್ಪ ಚಪ್ಪಲಿ ಕಳಚಿ ನಿಂತಿದ್ದನಂತೆ, ಅವ್ವ ಹೇಳುತ್ತಿದ್ದಳಲ್ಲ.

ಬಿಳಿ ಷರ್ಟು ಹೊಲಿಸಿಕೊಂಡಿದ್ದಾನೆ. ನಿನ್ನೆ ಇದ್ದಕ್ಕಿದ್ದಂತೆ ಕೇಳಿದ: "ಸ್ಕೂಲಿಗೆ ಅಂಗ್ಡಿ ಬೀದೀಲೇ ಹೋಗ್ಬೇಕೇನ್ಲಾ?"

"ಕೆರೆ ಕಡೆಯಿಂದ್ಲೂ ದಾರಿ ಐತೆ ಕಣಪ್ಪ."

"ಬ್ಯಾಡ. ಅಂಗ್ಡಿ ಬೀದೀಲೇ ಹೋಗಣ."

ಹೊಸ ಷರ್ಟು ನಾಲ್ಕು ಜನಕ್ಕೆ ಕಾಣಲಿ ಅಂತಿರಬೇಕು. ಈ ವಯಸ್ಸಿನಲ್ಲೂ ಎಷ್ಟು ಆಸೆ ನೋಡು. ಯಾಕೆ ಒಪ್ಪಿದೆ ಅಂತ ನೀನು ಹೇಳಿದಂತೆ ಕೇಳಿದೆ. "ನೋಡ್ಲಿ" ಅಂದ, ಅಷ್ಟೇ.

ಮುನೇಶ

•

ಮರಳವಾಡಿ
22 ನವೆಂಬರ್ 2007

ಅಕ್ಕ,

ಹದಿನೆಂಟನೇ ತಾರೀಕು ಭಾನುವಾರ ಎಲ್ಲ ಚೆನ್ನಾಗಿ ನಡೆಯಿತು. ತುಂಬಾ ಜನ ಸೇರಿದ್ದರು. ಅಪ್ಪನಿಗೆ ಶಾಲು ಹೊದಿಸಿ ಹಾರ ಹಾಕಿದರು. ವೇದಿಕೆಯಲ್ಲಿ ಕುರ್ಚಿ ಕೊಟ್ಟರು, ಮುಂದಿನ ಸಾಲಿನಲ್ಲೇ. ಊಟವೂ ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ. ಒಬ್ಬಟ್ಟು, ಕೋಸಂಬರಿ ಎಲ್ಲ ಇತ್ತು. ಮನೋಹರ್ ಮೈಕಿನಲ್ಲಿ ಅಪ್ಪನ ಹೆಸರನ್ನು ಎರಡು ಸಲ ಹೇಳಿದರು.

ಸ್ಟುಡಿಯೋದವರು ತೆಗೆದ ಫೋಟೊ ಇಟ್ಟಿದ್ದೇನೆ. ನಾಣ್ಯಗಳು ಎಷ್ಟು ಚೆನ್ನಾಗಿ ಕಾಣುತ್ತಿವೆ ನೋಡು.

ಅಪ್ಪ ಆರಾಮಾಗಿದ್ದಾನೆ. ಸ್ವಲ್ಪ ಸುಸ್ತು, ಪ್ರಯಾಣದ್ದು.

ಮುನೇಶ

•

ರಾಯಚೂರು
3 ಡಿಸೆಂಬರ್ 2007

ಮುನೇಶ,

ಫೋಟೊವನ್ನು ಒಂದು ವಾರದಿಂದ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಮೊದಲು ಫ್ಲ್ಯಾಷ್ ಬೆಳಕಿನ ದೋಷವೆಂದುಕೊಂಡೆ. ಹಾಗೆಂದು ನನ್ನನ್ನೇ ಒಪ್ಪಿಸಲು ಬಹಳ ಹೆಣಗಿದೆ.

ಬೆಳ್ಳಿ ಗಾಂಧಿ ಹೊಸ ಅಲ್ಯುಮಿನಿಯಂ ತಟ್ಟೆಯಂತೆ ಬೆಳ್ಳಗಿದೆ. ನೀಲಿ ಎಲ್ಲಿ? ತಾವರೆಯ ಇಪ್ಪತ್ತು ಪೈಸೆ ಕಂದು ಬಣ್ಣಕ್ಕೆ ತಿರುಗಿತ್ತು, ಒಣಗಿದ ಗೋರಂಟಿಯ ಹಾಗೆ. ಈಗ ಹಬ್ಬಕ್ಕೆ ಬೆಳಗಿದ ಹಿತ್ತಾಳೆ ಚೊಂಬಿನ ಬಣ್ಣ. ಭೂತಗನ್ನಡಿ ಇಟ್ಟು ನೋಡಿದೆ. ನೆಹರೂ ಕೆನ್ನೆಯ ಮೇಲೆ ಉಜ್ಜಿದ ಗೀರುಗಳು ಕಾಣುತ್ತವೆ. ಹೋದದ್ದು ಇನ್ನು ಬರುವುದಿಲ್ಲ. ಮುಂದೆ ನಲವತ್ತು ವರ್ಷ ಕಾದರೂ ಅದೇ ಬಣ್ಣ ಮರಳುವುದಿಲ್ಲ, ಗೀರು ಮಾಯುವುದಿಲ್ಲ.

ಚೌಕಟ್ಟು ದೇವರ ಫೋಟೊದ ಪಕ್ಕದಲ್ಲಿದೆ, ಮುಂದೆ ಊದುಬತ್ತಿ. ಅಪ್ಪ ಶಾಲು ಹೊದ್ದು ನಿಂತಿದ್ದಾನೆ. ಅವನು ಕ್ಯಾಮೆರಾ ನೋಡುತ್ತಿಲ್ಲ, ನಾಣ್ಯಗಳನ್ನೂ ನೋಡುತ್ತಿಲ್ಲ.

ಒಂದೇ ಪ್ರಶ್ನೆ. ತೊಳೆದವರು ಯಾರು?

ಮಮತಾ

•

ಮರಳವಾಡಿ
12 ಡಿಸೆಂಬರ್ 2007

ಅಕ್ಕ,

ಸಮಿತಿಯವರು. ನಾವು ಹಿಂದಿನ ದಿನವೇ ಚೌಕಟ್ಟು ಕೊಟ್ಟುಬಂದಿದ್ದೆವು. ಬೆಳಗ್ಗೆ ಹೋಗುವಷ್ಟರಲ್ಲಿ ತೊಳೆದು ಜೋಡಿಸಿದ್ದರು. ಚೆನ್ನಾಗಿ ಕಾಣಲಿ ಅಂತ ಮಾಡಿದ್ದು, ಅವರಿಗೇನು ಗೊತ್ತು? ಅಪ್ಪನೂ ಏನೂ ಅನ್ನಲಿಲ್ಲ. ಆದದ್ದು ಆಯಿತು, ದೊಡ್ಡದು ಮಾಡಬೇಡ. ನನಗೆ ಎರಡು ಶಿಫ್ಟು, ಹೆಚ್ಚು ಬರೆಯಲು ಆಗುತ್ತಿಲ್ಲ.

ಮುನೇಶ

•

ರಾಯಚೂರು
20 ಡಿಸೆಂಬರ್ 2007

ಮುನೇಶ,

ದೊಡ್ಡದು ಮಾಡಬೇಡವೆಂದು ಬರೆದಿದ್ದೀಯ. ಅದು ಎಷ್ಟು ದೊಡ್ಡದೆಂದು ನಿನಗೆ ಗೊತ್ತಿಲ್ಲ. ನಾನು ಎಂಎ ಓದುತ್ತಿದ್ದಾಗ ಒಂದು ಸಂಜೆ ಅಪ್ಪ ನನಗೆ ಹೇಳಿದ್ದು ಇದು. ಯಾರಿಗೂ ಹೇಳಬೇಡ ಅಂದಿದ್ದ. ಈಗ ಹೇಳುತ್ತೇನೆ.

ಕೆಂಪಯ್ಯನ ಅಂಗಡಿಯ ಮುಂದೆ ಮೋರಿಯಾಚೆ ಒಂದು ಚಪ್ಪಡಿ ಇತ್ತಂತೆ. ನಮ್ಮ ಕೇರಿಯವರು ಕಾಸನ್ನು ಅದರ ಮೇಲಿಟ್ಟು ಹಿಂದಕ್ಕೆ ಸರಿಯಬೇಕು. ಕೆಂಪಯ್ಯ ಚೊಂಬಿನಿಂದ ಕಾಸಿನ ಮೇಲೆ ನೀರು ಸುರಿಯುತ್ತಿದ್ದ. ಆಮೇಲೆ ಎತ್ತಿಕೊಳ್ಳುತ್ತಿದ್ದ. ಬೆಲ್ಲವೋ ಉಪ್ಪೋ ಮೇಲಿನಿಂದ ಅಜ್ಜಿಯ ಸೆರಗಿಗೆ ಬೀಳುತ್ತಿತ್ತು. ಅಪ್ಪ ಇನ್ನೂ ಚಿಕ್ಕವನು. ಒಂದು ದಿನ ಕೇಳಿದನಂತೆ: "ಕಾಸ್ಗ್ಯಾಕವ್ವ ಸ್ನಾನ?"

"ಕಾಸ್ಗಲ್ಲ ಕಣ್ಲಾ ಮಗ. ನಮ್ಗೆ."

ಅದಕ್ಕೇ ಖಜಾನೆ. ಅದಕ್ಕೇ ನಾಣ್ಯ. ರಾಜ್ಯದ ದುಡ್ಡೆಲ್ಲ ತನ್ನ ಕೈ ಮುಟ್ಟಿ ಹೋಗಬೇಕು, ಯಾರೂ ಅದಕ್ಕೆ ನೀರು ಹಾಕಬಾರದು. ಬಟವಾಡೆಯ ದಿನ ಅಪ್ಪನ ಮುಖದಲ್ಲಿದ್ದ ಗಾಂಭೀರ್ಯ ನೆನಪಿದೆಯಾ? ನಾವು ನಗುತ್ತಿದ್ದೆವು. ನಾಣ್ಯಕ್ಕೆ ನೀರು ತಾಗಿಸಬಾರದೆಂದು ಬಲ್ಲವರೆಲ್ಲ ಹೇಳುತ್ತಾರೆ. ಅಪ್ಪ ಅದನ್ನು ಯಾವ ಪುಸ್ತಕದಿಂದಲೂ ಕಲಿತವನಲ್ಲ. ಅವನು ಅಂಗಡಿ ಬೀದಿಯಲ್ಲೇ ನಡೆದುಹೋದದ್ದು ಷರ್ಟು ತೋರಿಸಲಿಕ್ಕಲ್ಲ. ತಾನು ಮುಟ್ಟಿದ, ಯಾರೂ ತೊಳೆಯದ ನಾಣ್ಯಗಳನ್ನು ಆ ಊರು ಬಗ್ಗಿ ನೋಡಲಿ ಅಂತ. ಒಂದು ದಿನ. ಅಷ್ಟನ್ನೇ ಅವನು ಕೇಳಿದ್ದು.

ಕೆಂಪಯ್ಯನ ಮೊಮ್ಮಗ ಅದನ್ನೂ ಕೊಡಲಿಲ್ಲ. ತಾತನಿಗೆ ಚೊಂಬು ಬೇಕಿತ್ತು, ಇವನಿಗೆ ಸುವರ್ಣ ಮಹೋತ್ಸವ ಬೇಕಾಯಿತು.

ನಾನು ಸಮಿತಿಗೆ ಪತ್ರ ಹಾಕಿದ್ದೇನೆ, ಪ್ರತಿಯೊಬ್ಬ ಸದಸ್ಯನ ಹೆಸರಿಗೂ. ಚಪ್ಪಡಿಯ ಮೇಲಿನ ಕಾಸಿಗೆ ಆ ಊರು ಮಾಡುತ್ತಿದ್ದದ್ದನ್ನೇ ನೀವು ಇವತ್ತೂ ಮಾಡಿದ್ದೀರಿ, ಸಾರ್ವಜನಿಕವಾಗಿ ನಮ್ಮ ತಂದೆಯ ಕ್ಷಮೆ ಕೇಳಿ ಎಂದು ಬರೆದಿದ್ದೇನೆ. ನೀನು ಹೆದರಬೇಡ. ತಪ್ಪು ನಮ್ಮದಲ್ಲ.

ಮಮತಾ

•

ರಾಯಚೂರು
19 ಜನವರಿ 2008

ಮುನೇಶ,

ತಿಂಗಳಾಯಿತು. ಫೋನು ಸ್ವಿಚ್ ಆಫ್. ಸಮಿತಿಯಿಂದಲೂ ಉತ್ತರವಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸಿದ್ದೆ, ತಲುಪಿತೇ? ಅಪ್ಪನಿಗೆ ನನ್ನ ಪತ್ರದ ವಿಷಯ ಹೇಳಿದೆಯಾ? ಏನಂದ? ಅವನ ಪರವಾಗಿ ಒಬ್ಬರಾದರೂ ನಿಂತರೆಂದು ಅವನಿಗೆ ಅನ್ನಿಸಿದರೆ ಸಾಕು ನನಗೆ.

ಒಂದು ಸಾಲಾದರೂ ಬರಿ.

ಮಮತಾ

•

ಮರಳವಾಡಿ
5 ಫೆಬ್ರವರಿ 2008

ಅಕ್ಕ,

ನಿನ್ನ ಎಳ್ಳುಬೆಲ್ಲ ತಲುಪಿತು. ನಿನ್ನ ಪತ್ರವೂ ತಲುಪಬೇಕಾದಲ್ಲಿಗೆ ತಲುಪಿತು.

ಇಪ್ಪತ್ತಾರನೇ ತಾರೀಕು ಧ್ವಜಾರೋಹಣಕ್ಕೆ ಬರಬೇಕೆಂದು ಮನೋಹರ್ ಅಪ್ಪನಿಗೆ ಹೇಳಿಕಳಿಸಿದರು. ಕರೆದುಕೊಂಡು ಹೋದೆ. ಲಾಡು ಹಂಚುವ ಮೊದಲು ಅವರು ಮೈಕು ಹಿಡಿದು ನಿನ್ನ ಪತ್ರವನ್ನು ಪೂರ್ತಿ ಓದಿದರು. ಚೆನ್ನಾಗಿ ಓದಿದರು. ಚಪ್ಪಡಿ, ಚೊಂಬು, ಎಲ್ಲ. ಅಪ್ಪ ನಿನಗೊಬ್ಬಳಿಗೇ ಹೇಳಿದ್ದನ್ನು ಸ್ಕೂಲ್ ಮೈದಾನವೆಲ್ಲ ಕೇಳಿತು. ಆಮೇಲೆ ಅಂದರು:

"ಓದ್ಕಂಡಿರೋರು, ಲೆಕ್ಚರ್ರು ಬರ್ದವ್ರೆ. ನಾವು ಜಾತಿ ಮಾಡುದ್ವಂತೆ. ಯಜಮಾನ್ರು ಇಲ್ಲೇ ಕುಂತವ್ರೆ, ಅವ್ರ ಬಾಯಲ್ಲೇ ಬರ್ಲಿ. ಕಾಸ್ನ ತೊಳ್ದೋರು ಯಾರು ದೊಡ್ಡಹನುಮಯ್ಯನೋರೆ?"

ಅಪ್ಪ ಎದ್ದು ನಿಂತ. "ನಾನೇ" ಅಂದ.

"ಒಸಿ ಜೋರಾಗೇಳಿ, ಹಿಂದ್ಲೋರ್ಗೆ ಕೇಳ್ಲಿ." ಮೈಕನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದರು.

"ನಾನೇ ತೊಳ್ದೆ."

ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು.

ನಿನಗೆ ಸುಳ್ಳು ಬರೆದವನು ನಾನು. ನಡೆದದ್ದು ಹೀಗೆ. ಹದಿನೆಂಟರ ಬೆಳಗ್ಗೆ ನಾವೇ ಚೌಕಟ್ಟು ತೆಗೆದುಕೊಂಡು ಹೋದೆವು. ಅಂಗಡಿ ಬೀದಿಯಲ್ಲಿ ಅಪ್ಪ ಅದನ್ನು ನನ್ನ ಕೈಗೆ ಕೊಡದೆ ತಾನೇ ಎದೆಗವಚಿಕೊಂಡು ನಡೆದ. ಸ್ಕೂಲಿನಲ್ಲಿ ಮನೋಹರ್ ಗಾಜಿನೊಳಗೆ ನೋಡಿ ಅಂದರು: "ಮಬ್ಬು ಮಬ್ಬಾಗವಲ್ಲ ಯಜಮಾನ್ರೆ. ಸರಸ್ವತಿ ಫೋಟೊ ಪಕ್ದಲ್ಲಿ ಮಡಗೋದು, ಪೂಜೆ ಐತೆ. ಒಸಿ ನೀರು ತೋರ್ಸಿ, ಹುಣ್ಸೆಹಣ್ಣಾಕಿ ಉಜ್ಬುಟ್ರೆ ಫಳಫಳ ಅಂತವೆ."

ಅಪ್ಪ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಅಕ್ಕ, ಫ್ಯಾಕ್ಟರಿಯಲ್ಲಿ ನನ್ನನ್ನು ಖಾಯಂ ಮಾಡುವ ಪಟ್ಟಿಗೆ ಹೆಸರು ಕೊಡಬೇಕಾದವರು ಅವರು. ಇದನ್ನು ನಿನಗೆ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ನಾನು ಅಂದೆ: "ಇರ್ಲಿ ಬುಡಪ್ಪ, ತೊಳುದ್ರೇನಾಯ್ತದೆ? ಕಾಸು ತಾನೆ."

ಒಬ್ಬ ಹುಡುಗಿ ಹುಣಸೆಹಣ್ಣು ತಂದಳು. ಅವಳು ನಾಣ್ಯಕ್ಕೆ ಕೈ ಹಾಕಲು ಬಂದಾಗ ಅಪ್ಪ ತಡೆದ. "ಬ್ಯಾರೇರು ಬ್ಯಾಡ. ನಾನೇ ತೊಳೀತೀನಿ." ಬಿಸಿಯೂಟದ ಅಡುಗೆಮನೆಯ ಹಿಂದೆ ನಲ್ಲಿ ಇದೆ. ಅಲ್ಲಿ ಕುಕ್ಕರುಗಾಲಿನಲ್ಲಿ ಕೂತ. ನೀರು ಬರುತ್ತಿರಲಿಲ್ಲ. ನಾನು ಚೊಂಬಿನಿಂದ ಸುರಿದೆ, ಅವನು ಒಂದೊಂದಾಗಿ ಉಜ್ಜಿದ. ಬೆಳ್ಳಿ ಗಾಂಧಿಗೆ ಬೂದಿ ಬೇಕಾಯಿತು. ಬಿಳಿ ಷರ್ಟಿನ ತೋಳು ಮಡಿಸಲು ಮರೆತಿದ್ದ, ಒದ್ದೆಯಾಯಿತು. ಬಾಬಾಸಾಹೇಬರದ್ದನ್ನು ಕೊನೆಗೆ ತೊಳೆದ. ಅದನ್ನು ಮಾತ್ರ ಉಜ್ಜಲಿಲ್ಲ. ಅಂಗೈಯಲ್ಲಿಟ್ಟು, "ನೀರಾಕು" ಅಂದ. ನಾನು ಹಾಕಿದೆ.

ಚೊಂಬು ಹಿಡಿದು ನಿಂತಿದ್ದ ನನಗೆ ಚಪ್ಪಡಿಯ ಕಥೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ರಟ್ಟು, ರಬ್ಬರ್ ಬ್ಯಾಂಡು, ಬೂಟಿನ ಪೊಟ್ಟಣ ಎಲ್ಲ ಬರೆದೆ. ಅದೊಂದನ್ನು ಬರೆಯಲಿಲ್ಲ. ಬರೆದಿದ್ದರೆ ನಾನು ಬೇರೆ ಏನಾದರೂ ಹೇಳುತ್ತಿದ್ದೆನಾ? ಹೇಳುತ್ತಿದ್ದೆ ಅಂತ ದಿನಾ ಅಂದುಕೊಳ್ಳುತ್ತೇನೆ. ಗುಲ್ಬರ್ಗದಲ್ಲಿ ಆ ವಾರ ಮೌಲ್ಯಮಾಪನ ಇರಲಿಲ್ಲ ಅನ್ನುವುದೂ ನನಗೆ ಆಗಲೇ ಗೊತ್ತಿತ್ತು. ನೀನು ಆ ಊರಿಗೆ ಕಾಲಿಡುವುದಿಲ್ಲ. ಪತ್ರ ಮಾತ್ರ ಕಳಿಸುತ್ತೀಯ.

ಮನೋಹರ್‌ಗೆ ತಮ್ಮ ತಾತನ ವಿಷಯ ಗೊತ್ತಿತ್ತೋ ಇಲ್ಲವೋ ತಿಳಿಯದು. "ಒಸಿ ನೀರು ತೋರ್ಸಿ" ಅಂದ ದನಿಯನ್ನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತೇನೆ. ಒಂದು ದಿನ ಅದರಲ್ಲಿ ಏನೂ ಇರುವುದಿಲ್ಲ. ಮಾರನೇ ದಿನ ಎಲ್ಲವೂ ಇರುತ್ತದೆ.

ಚಪ್ಪಾಳೆಯಾದ ಮೇಲೆ ಅವರು ಅಪ್ಪನ ಹೆಗಲ ಮೇಲೆ ಕೈ ಹಾಕಿ, "ಹೆಣ್ಮಗ ಬುಡಿ, ದೂರದಲ್ಲವ್ರೆ, ತಿಳೀದೆ ಬರ್ದವ್ರೆ" ಅಂದರು. ಹೋದ ಶುಕ್ರವಾರ ನನ್ನ ಖಾಯಂ ಆದೇಶ ಬಂತು. ಮನೆಯಲ್ಲಿ ಪಾಯಸ ಮಾಡಿದರು. ಅಪ್ಪ ಎರಡು ಸಲ ಹಾಕಿಸಿಕೊಂಡ.

ಇನ್ನೊಂದು ವಿಷಯ. ನಿನ್ನೆ ಸೋಮವಾರ ಅಪ್ಪ ಬೆಳಗ್ಗೆಯೇ ಬಸ್ಸು ಹತ್ತಿ ಊರಿಗೆ ಹೋಗಿದ್ದ. ಹೋದ ಸೋಮವಾರವೂ ಹೋಗಿದ್ದನಂತೆ, ನನಗೆ ಶಿಫ್ಟು. ಬರುವಾಗ ಬೆಂಕಿಪೊಟ್ಟಣ, ಉಪ್ಪು, ಒಂದು ಸೋಪು ತಂದ. ಚೌಕಟ್ಟು ನೋಡಿದರೆ ಅರ್ಧಕ್ಕರ್ಧ ಗುಳಿಗಳು ಖಾಲಿ. ಬೆಳ್ಳಿ ಗಾಂಧಿ ಇಲ್ಲ. ತಾವರೆ ಇಲ್ಲ. ಕೆಂಪಯ್ಯನ ಅಂಗಡಿಯಲ್ಲಿ ಈಗ ಮನೋಹರ್ ಅವರ ಚಿಕ್ಕಪ್ಪ ಕೂರುತ್ತಾರೆ. ಅಲ್ಲಿಗೆ ಹೋಗಿ ಖರ್ಚು ಮಾಡಿ ಬರುತ್ತಿದ್ದಾನೆ. ಕಲ್ಲಿನ ಮೇಲಲ್ಲ, ಗಲ್ಲಾಪೆಟ್ಟಿಗೆಯ ಮೇಲೂ ಅಲ್ಲ, ಅವರ ಕೈಗೇ ಇಡುತ್ತಾನಂತೆ.

"ಏನಪ್ಪ ಇದು, ಇಷ್ಟು ವರ್ಷ ಮಡಿಕ್ಕಂಡು?" ಅಂದೆ.

"ನೀನೇ ಅಂದ್ಯಲ್ಲ. ಕಾಸು ತಾನೆ?"

ಬೈಯುವ ದನಿಯಲ್ಲಿ ಅನ್ನಲಿಲ್ಲ ಅಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುನೇಶ

•

ರಾಯಚೂರು
15 ಫೆಬ್ರವರಿ 2008

ಮುನೇಶ,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು, ಇದರಲ್ಲಿ ಏನೂ ಇಲ್ಲ.

ಮೈಕಿನ ಮುಂದೆ ಅವನು ನಿಂತದ್ದು ಕಣ್ಣಿಗೆ ಕಟ್ಟಿದೆ. ಅವನ ಬಾಯಿಯ ಹತ್ತಿರ ಮೈಕು ಹಿಡಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಚೊಂಬು ನೀನು ಹಿಡಿದೆ, ಮೈಕು ನಾನು.

ಬಾಬಾಸಾಹೇಬರ ನಾಣ್ಯದ ನಡುವಿನ ಗುಳಿ ಇನ್ನೂ ಖಾಲಿಯಾಗಿಲ್ಲ ತಾನೆ? ಅದನ್ನು ಕೊಡಲು ಬಿಡಬೇಡ. ಅವನು ಮಲಗಿದಾಗ ತೆಗೆದು ರಟ್ಟಿನ ಚೌಕದಲ್ಲಿಡು. ಅಂಚು ಹಿಡಿ. ಇಪ್ಪತ್ತೆಂಟಕ್ಕೆ ರಜೆ ಹಾಕಿದ್ದೇನೆ, ಬರುತ್ತೇನೆ. ಬೇಕಾದರೆ ಆ ಊರಿಗೂ ಬರುತ್ತೇನೆ, ಅಂಗಡಿ ಬೀದಿಯಲ್ಲೇ. ಅಪ್ಪನಿಗೆ ಹೇಳು.

ಮಮತಾ

•

ಮರಳವಾಡಿ
26 ಫೆಬ್ರವರಿ 2008

ಅಕ್ಕ,

ನಿನ್ನ ಕಾಗದ ಶನಿವಾರ ಬಂತು. ನೀನು ಹೇಳಿದಂತೆ ತೆಗೆದಿಡಲು ಹೋದೆ. ಗುಳಿ ಖಾಲಿಯಿತ್ತು. ನಾಣ್ಯ ಅಪ್ಪನ ಷರ್ಟಿನ ಜೇಬಿನಲ್ಲಿತ್ತು, ಅವನು ಷರ್ಟು ಹಾಕಿಕೊಂಡೇ ಮಲಗಿದ್ದ. ನಿನ್ನೆ ಸೋಮವಾರ. ರಜೆ ಹಾಕಿ ನಾನೂ ಜೊತೆಗೆ ಹೋದೆ. ಬೇಡ ಅನ್ನಲಿಲ್ಲ. ನೀನು ಬರುತ್ತಿದ್ದೀಯ ಅಂದೆ. "ಬರ್ಲಿ" ಅಂದ.

ಅಂಗಡಿಯಲ್ಲಿ ಈಗ ಫ್ರಿಜ್ಜು, ಕಾಯಿನ್ ಬೂತು ಎಲ್ಲ ಇದೆ. ಚಪ್ಪಡಿ ಇದ್ದ ಜಾಗದಲ್ಲಿ ಸಿಮೆಂಟು ಹಾಕಿದ್ದಾರೆ. ಮನೋಹರ್ ಅವರ ಚಿಕ್ಕಪ್ಪ ಅಪ್ಪನನ್ನು ಕಂಡು, "ಬನ್ನಿ, ಬನ್ನಿ. ಸೋಮ್ವಾರ ಬತ್ತಿದ್ದಂಗೆ ನೀವೂ ಬತ್ತೀರಿ ನೋಡಿ" ಅಂದರು. ಸ್ಟೂಲು ಎಳೆದು ಕೊಟ್ಟರು. ಅಪ್ಪ ಕೂರಲಿಲ್ಲ.

"ಎಲೆ ಅಡ್ಕೆ ಕೊಡಿ, ಒಂದ್ರುಪಾಯ್ದು."

ಅವರು ಎಲೆ ಎಣಿಸುವಾಗ ಅಪ್ಪ ಜೇಬಿನಿಂದ ನಾಣ್ಯ ತೆಗೆದು ಮುಖ ಮೇಲಾಗಿ ಅವರ ಅಂಗೈಯಲ್ಲಿಟ್ಟ. ನಾನು ಅವರ ಮುಖ ನೋಡುತ್ತಿದ್ದೆ. ಅವರು ನಾಣ್ಯ ನೋಡಲೇ ಇಲ್ಲ ಅಕ್ಕ. ಡ್ರಾಯರಿಗೆ ಹಾಕಿದರು. ಬೇರೆ ರೂಪಾಯಿಗಳ ಜೊತೆ ಸದ್ದಾಯಿತು. ಎಲೆ ಅಡಿಕೆಯನ್ನು ಅಪ್ಪನ ಕೈಗೇ ಕೊಟ್ಟರು. ಬೆರಳಿಗೆ ಬೆರಳು ತಾಗಿತು. ಎಸೆಯಲಿಲ್ಲ, ಮೇಲಿನಿಂದ ಬಿಡಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಇದೇ ಇರಬೇಕು, ಸಿಕ್ಕಿತಲ್ಲ ಅಂದುಕೊಂಡೆ.

ಆಚೆ ಬಂದೆವು. ಅಪ್ಪ ಎಲೆ ಅಡಿಕೆಯನ್ನು ಮೋರಿಗೆ ಹಾಕಿದ. ಬಸ್ ಸ್ಟಾಪಿನ ಕಡೆ ಹೋಗದೆ ಅರಳಿಕಟ್ಟೆಯ ಪಕ್ಕದ ಬೋರ್‌ವೆಲ್ ಹತ್ತಿರ ಹೋದ. "ಒತ್ತು" ಅಂದ. ನಾನು ಹ್ಯಾಂಡಲ್ ಒತ್ತಿದೆ. ಈ ಸಲ ತೋಳು ಮಡಿಸಲು ಮರೆಯಲಿಲ್ಲ. ಎರಡೂ ತೋಳನ್ನು ಮೊಣಕೈವರೆಗೆ ಮಡಿಸಿ ಕೈ ತೊಳೆದುಕೊಂಡ. ಅಂಗೈ, ಮುಂಗೈ, ಬೆರಳ ಸಂದಿ. ಅಂಗಡಿಯ ಕಡೆ ಮುಖ ಮಾಡಿಯೇ ತೊಳೆದುಕೊಂಡ. ಅಂಗಡಿಯವರು ಯಾರಿಗೋ ಸಕ್ಕರೆ ತೂಗುತ್ತಿದ್ದರು. ಅವರು ನೋಡಲಿಲ್ಲ.

"ಸಾಕಾ ಅಪ್ಪ?" ಅಂದೆ.

"ಇನ್ನೊಂಚೂರು ಒತ್ತು" ಅಂದ.

ಮುನೇಶ